ಕೈ ತೆಗೀರಿ ಎನ್ನುತ್ತಿದ್ದ ಮೇಷ್ಟ್ರು

ಮಕ್ಕಳೇ, ಕಳೆದ ಭಾನುವಾರ ನೀವಿಬ್ಬರೂ ನಿಮ್ಮ ಮಂಜುಳತ್ತೆಯ ಪಕ್ಕ ಕುಳಿತು ಹೊಸ ಟ್ಯಾಬನ್ನು ತೋರಿಸುತ್ತಿದ್ದಿರಿ. ಅವಳು ಒಂದು ಚಿತ್ರ ಮುಟ್ಟಿದರೆ ಸಾಕು, ಮುಂದಿನ ಮಾತು ಏನಿರಬಹುದೆಂದು ಅದೇ ಊಹಿಸಿ ಅದೇ ಹೇಳಿಬಿಡುತ್ತದೆ ಎಂದು ಕುಣಿದಾಡಿದಿರಿ. ಅವಳ ಎಡಗೈ ಎಂದಿನಂತೆ ಮೆಲ್ಲಗೆ ಎದ್ದಿತು, ನಡುಗಿತು, ದಾರಿಯಲ್ಲೇ ನಿಂತಿತು. ನಿಮ್ಮಲ್ಲಿ ಚಿಕ್ಕವಳು ಆ ಮಣಿಕಟ್ಟು ಹಿಡಿದು ಒತ್ತಿಸಿಯೇಬಿಟ್ಟಳು. "ಅತ್ತೆ ತುಂಬಾ ಸ್ಲೋ ಅಜ್ಜಿ, ಹೆಲ್ಪ್ ಮಾಡ್ದೆ" ಎಂದಳು. ನಾನು ಎದ್ದು ಒಳಗೆ ಹೋದೆ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ನನಗೂ ತಿಳಿಯಲಿಲ್ಲ.

ಆ ವಾರದಲ್ಲೇ ಮೇಷ್ಟ್ರು ತೀರಿಕೊಂಡ ಸುದ್ದಿ ಬಂತು. ನೀವು ಶಾಲೆಗೆ ಹೋಗಿದ್ದಿರಿ. ನಾನು, ನಿಮ್ಮಪ್ಪ, ಮಂಜುಳ ಮೂವರೇ ಚಿಂತಾಮಣಿಗೆ ಹೋಗಿ ಬಂದೆವು. ಬಂದ ಮೇಲೆ "ಯಾರಜ್ಜಿ ಅವರು?" ಎಂದು ನೀವು ಕೇಳಿದಿರಿ. ಅಷ್ಟು ಉದ್ದದ ಕಥೆಯನ್ನು ಬಾಯಲ್ಲಿ ಹೇಳುವುದು ನನ್ನಿಂದಾಗದು. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರನ್ನು ನಾನು ಒಮ್ಮೆಯೂ ಬಾಯಲ್ಲಿ ಹೇಳಿದ್ದಿಲ್ಲ, ಮೇಷ್ಟ್ರು ಎಂದೇ ಅನ್ನುತ್ತಿದ್ದೆ. ಬರೆಯುವಾಗಲೂ ಹಾಗೆಯೇ ಇರಲಿ.

ಮೇಷ್ಟ್ರೆಂದರೆ ಹಸನ್ಮುಖಿ, ಶಾಂತಮೂರ್ತಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಅಷ್ಟು ಸಿಡುಕಿನ ಮನುಷ್ಯನನ್ನು ನಾನು ಕಂಡಿಲ್ಲ. ಕುಳ್ಳಗೆ, ಕಪ್ಪಗೆ, ಹುಬ್ಬು ಎರಡೂ ಕೂಡಿಕೊಂಡಿದ್ದವು. ಅವರ ಮೊಪೆಡ್ಡು ಊರ ಹೊರಗಿನ ಹುಣಸೆಮರದ ಬಳಿ ಕೆಮ್ಮುತ್ತ ನಿಲ್ಲುವುದೂ ಅವರು ಅದನ್ನು ತೆಲುಗಿನಲ್ಲಿ ಬೈಯುವುದೂ ನಮ್ಮ ಜಗುಲಿಯವರೆಗೆ ಕೇಳಿಸುತ್ತಿತ್ತು. ಸಿಟ್ಟು ಬಂದರೆ ಅವರಿಗೆ ತೆಲುಗು, ಸಮಾಧಾನವಾದರೆ ಕನ್ನಡ. ಹಾಗಾಗಿ ಕನ್ನಡ ಕೇಳಿದ್ದೇ ಕಡಿಮೆ. ಅಂಗವಿಕಲ ಮಕ್ಕಳಿಗೆ ಪಾಠ ಹೇಳಲು ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಎಂದು ಆ ಮೊಪೆಡ್ಡಿನಲ್ಲೇ ಸುತ್ತುತ್ತಿದ್ದರು. ಷರಟಿನ ಎರಡೂ ಜೇಬಿನ ತುಂಬ ಕಡಲೆಕಾಯಿ ಇರುತ್ತಿತ್ತು.

ಆ ಕಡಲೆಕಾಯಿ ತಿನ್ನಲಿಕ್ಕಲ್ಲ. ಮಗುವಿನ ಮುಂದೆ ಏನಾದರೂ ಇಟ್ಟು, ಅದು ಕೈ ಚಾಚಲಿ ಎಂದು ಕಾಯುವಾಗ ಅವರು ಒಂದೊಂದೇ ಸುಲಿಯುತ್ತಿದ್ದರು. ಬೀಜವನ್ನು ಒಂದು ಕಡೆ, ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಹಾಕುತ್ತಿದ್ದರು. "ಇದ್ಯಾಕೆ ಮೇಷ್ಟ್ರೇ?" ಎಂದು ಒಮ್ಮೆ ನಮ್ಮತ್ತೆ, ಅಂದರೆ ನಿಮ್ಮ ತಾತನ ತಾಯಿ, ಕೇಳಿದ್ದಕ್ಕೆ, "ನಂ ಕೈಗೂ ತುರಿಕೆ ಇರುತ್ತಮ್ಮ. ಕೆಲ್ಸ ಕೊಡ್ದಿದ್ರೆ ಹೋಗಿ ಮಗು ಕೈ ಹಿಡ್ಕೊಂಬಿಡುತ್ತೆ" ಎಂದಿದ್ದರು.

ಅವರು ನಮ್ಮ ಮನೆಗೆ ಮೊದಲ ಸಲ ಬಂದ ದಿನ ರೇಷ್ಮೆ ಹುಳು ಹಣ್ಣಾಗಿದ್ದವು. ಹುಳು ಹಣ್ಣಾದ ದಿನ ನಮ್ಮ ಜಂಗಮಕೋಟೆ ಸೀಮೆಯಲ್ಲಿ ಯಾರ ಮನೆಗೂ ಯಾರೂ ಹೋಗುವುದಿಲ್ಲ. ಹೊಳಪು ಬಂದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಲು ಮನೆಯವರ ಕೈ ಸಾಲದೆ ಪಕ್ಕದವರನ್ನೂ ಕರೆದಿರುತ್ತೇವೆ. ನಿಮ್ಮ ತಾತ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಮನೆ, ಹುಳು, ಎರಡು ಹಸು, ಎಲ್ಲವೂ ನನ್ನ ಮತ್ತು ನಮ್ಮತ್ತೆಯ ಮೇಲೆ. ನಿಮ್ಮಪ್ಪ ಹೈಸ್ಕೂಲಿನಲ್ಲಿದ್ದ. ಮಂಜುಳಳನ್ನು ಜಗುಲಿಯ ಕಂಬಕ್ಕೆ ಒರಗಿಸಿ, ಬೀಳದಂತೆ ಹಳೆಯ ಸೀರೆ ಸುತ್ತಿ ಕೂರಿಸಿದ್ದೆವು. ಅವಳಿಗೆ ಆಗ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದ ವಯಸ್ಸು. ಹುಟ್ಟುವಾಗಲೇ ಉಸಿರು ತಡವಾಗಿ ನರ ಎಳೆದುಕೊಂಡಿದ್ದವು. ಮಾತಿಲ್ಲ, ನಡಿಗೆಯಿಲ್ಲ, ಬಲಗೈ ಮಡಚಿಕೊಂಡೇ ಇರುತ್ತದೆ. ಎಡಗೈ ಮಾತ್ರ ಅವಳ ಮಾತು ಕೇಳುತ್ತದೆ, ಅದೂ ತನಗೆ ಮನಸ್ಸಾದಾಗ. ಆದರೆ ಕಿವಿಗೆ ಬಿದ್ದದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ತಾಯಿ ಹಾಗೆ ಹೇಳುವವಳೇ ಎನ್ನುತ್ತಿದ್ದರು.

ಮೇಷ್ಟ್ರು ಹುಳುಮನೆಯ ಕಡೆ ತಿರುಗಿಯೂ ನೋಡದೆ ಜಗುಲಿಗೆ ಬಂದು ಅವಳ ಎದುರು ಕುಳಿತರು. ಒಂದು ಕಡೆ ಬೆಲ್ಲದ ಚೂರು, ಇನ್ನೊಂದು ಕಡೆ ಕಲ್ಲಿನ ಚೂರು ಇಟ್ಟರು. "ಯಾವ್ದು ಬೇಕಮ್ಮ?" ಎಂದು ಅವಳನ್ನೇ ಕೇಳಿದರು. ಅಲ್ಲಿಯವರೆಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನಮ್ಮತ್ತೆ ಕೈಯಲ್ಲಿದ್ದ ಹುಳುವಿನ ತಟ್ಟೆ ಬಿಟ್ಟು ಓಡಿಬಂದು, ಮೊಮ್ಮಗಳ ಕೈ ಹಿಡಿದು ಬೆಲ್ಲದ ಮೇಲೆ ಇಟ್ಟರು.

"ಕೈ ತೆಗೀರಿ!"

ನಮ್ಮ ಜಗುಲಿಯಲ್ಲಿ ನಮ್ಮತ್ತೆಗೆ ಯಾರೂ ಹಾಗೆ ಕೂಗಿದ್ದಿಲ್ಲ. ಚಂದ್ರಿಕೆ ಹಿಡಿದಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು.

"ಯಾರಪ್ಪ ನೀನು? ನನ್ ಮೊಮ್ಮಗಳ ಕೈ ನಾನು ಹಿಡಿಯೋದು ತಪ್ಪಾ?"

"ತಪ್ಪೇ. ಬೆಲ್ಲ ಬೇಕು ಅಂತ ಹೇಳಿದ್ದು ನೀವು. ಅವ್ಳು ಹೇಳ್ಲಿ."

"ಅವ್ಳಿಗ್ ಬರಲ್ಲ ಅಂತ್ಲೇ ತಾನೆ ನೀನು ಬಂದಿರೋದು?"

ಮೇಷ್ಟ್ರು ಜೇಬಿನಿಂದ ಕಡಲೆಕಾಯಿ ತೆಗೆದು ಸುಲಿಯತೊಡಗಿದರು. ಒಳಗೆ ಹುಳು ನೂಲು ಬಿಡಲು ಶುರುಮಾಡಿದ್ದವು. ಸಿಪ್ಪೆಯ ಗುಡ್ಡೆ ಏರುತ್ತ ಹೋಯಿತು. ಕೊನೆಗೆ ಮಂಜುಳಳ ಎಡಗೈ ಎದ್ದು, ಅಡ್ಡಾದಿಡ್ಡಿ ಹೋಗಿ, ಬೆಲ್ಲದ ಮೇಲೆ ಬಿದ್ದಿತು. ಮೇಷ್ಟ್ರು ಹೊಗಳಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಬೆಲ್ಲ ಅವಳ ಬಾಯಿಗಿಟ್ಟು, ಸುಲಿದ ಬೀಜವನ್ನೆಲ್ಲ ನಮ್ಮತ್ತೆಯ ಮಡಿಲಿಗೆ ಸುರಿದು, ಮೊಪೆಡ್ಡನ್ನು ಬೈಯುತ್ತ ಹೋದರು.

ನಮ್ಮತ್ತೆಯನ್ನು ದೂರಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನಮ್ಮಲ್ಲಿ ವಿದ್ಯೆ ಶುರುವಾಗುವುದೇ ಹಾಗೆ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳನ್ನು ದೊಡ್ಡವರು ಹಿಡಿದು ಓಂಕಾರ ಬರೆಸುತ್ತಾರೆ. ನನಗೂ ಹಾಗೇ ಬರೆಸಿದ್ದರು, ನಿಮಗೂ ಬರೆಸಿದೆವು. ಮಂಜುಳಳಿಗೂ ಆಸೆಯಿಂದ ಬರೆಸಿದ್ದೆವು. ಬೇರೆ ಮಕ್ಕಳ ಕೈಯನ್ನು ಕೆಲವು ದಿನಗಳಲ್ಲಿ ಬಿಡುತ್ತೇವೆ. ಅವಳ ಕೈಯನ್ನು ಯಾರೂ ಬಿಟ್ಟಿರಲಿಲ್ಲ, ಅಷ್ಟೇ.

ವಾರದಲ್ಲಿ ಕೆಲವು ದಿನ ಅವಳನ್ನು ಸೊಂಟದ ಮೇಲೆ ಹೊತ್ತು ಶಿಡ್ಲಘಟ್ಟದ ಬಸ್ಸು ಹತ್ತುತ್ತಿದ್ದೆ. ಅಲ್ಲೊಂದು ಶಾಲೆಯಲ್ಲಿ ಇಂಥ ಮಕ್ಕಳಿಗೆಂದು ಒಂದು ಕೋಣೆ ಕೊಟ್ಟಿದ್ದರು. ಕೊಟ್ಟಿದ್ದರು ಎನ್ನುವುದು ಮಾತಿಗೆ. ಅರ್ಧ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ, ಉಳಿದರ್ಧದಲ್ಲಿ ಮುರಿದ ಬೆಂಚು. ಮೇಷ್ಟ್ರು ಮೂಟೆಗಳನ್ನು ಹೊರಗೆ ಹಾಕಿಸುವರು, ಮರುದಿನ ಅವು ಒಳಗಿರುತ್ತಿದ್ದವು. ಹೆಡ್ ಮೇಷ್ಟ್ರೊಂದಿಗೆ ಜಗಳ, ಗಾಲಿಕುರ್ಚಿ ಹತ್ತಿಸದ ಬಸ್ ಕಂಡಕ್ಟರನೊಂದಿಗೆ ಜಗಳ, "ಪಾಪ, ಪಾಪ" ಎನ್ನುವ ದಾರಿಹೋಕರೊಂದಿಗೆ ಜಗಳ. ಜಗಳವಾಡಿ ಅವರು ಗೆದ್ದದ್ದನ್ನು ನಾನು ನೋಡಿಲ್ಲ.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿತ್ತು. ಆ ವರ್ಷವೇ ಆ ಕೋಣೆಗೆ ಯಂತ್ರ ಬಂತು. ಬೆಂಗಳೂರಿನ ಒಂದು ಕಾಲೇಜಿನ ಹುಡುಗರು ಮಾಡಿದ್ದ ಕಂಪ್ಯೂಟರು. ಮುಂದೆ ಒಂದು ಹಲಗೆ, ಅದರ ಮೇಲೆ ಅಂಗೈಯಗಲದ ಗುಂಡಿಗಳು. ಪರದೆಯ ಮೇಲೆ ಗುಂಡಿಗೊಂದರಂತೆ ಚಿತ್ರ ಬರುತ್ತದೆ, ಮಗು ಗುಂಡಿ ಒತ್ತಿದರೆ ಅದು ಮಾತಾಡುತ್ತದೆ.

"ಇದಕ್ಕೆ ಕೃತಕ ಬುದ್ಧಿಮತ್ತೆ ಅಂತೀವಮ್ಮ" ಎಂದು ಕನ್ನಡಕದ ಹುಡುಗನೊಬ್ಬ ವಿವರಿಸಿದ. "ಮಗು ಏನು ಒತ್ತುತ್ತೆ ಅಂತ ನೋಡಿ ನೋಡಿ ಇದೇ ಕಲ್ಕೊಳ್ಳುತ್ತೆ. ಮಗುಗೆ ಎಷ್ಟು ಬರುತ್ತೆ ಅಂತ ತಿಳ್ಕೊಂಡು ಮುಂದಿನ ಪಾಠ ಇದೇ ಆರಿಸುತ್ತೆ."

"ಹಂಗಾದ್ರೆ ಮೇಷ್ಟ್ರು ಯಾಕೆ?" ಎಂದರು ನಮ್ಮತ್ತೆ. ಜೊತೆಗೆ ಬಂದಿದ್ದರು.

"ಇದಕ್ಕೆ ಸಿಟ್ಟು ಬರಲ್ವಂತಲ್ಲಮ್ಮ. ಸಿಟ್ಟು ಮಾಡ್ಕೊಳ್ಳಕ್ಕೆ ಒಬ್ರು ಬೇಕಲ್ಲ" ಎಂದರು ಮೇಷ್ಟ್ರು. ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಅವರಿಗೆ ಆ ಯಂತ್ರದ ಮೇಲೆ ಎಂಥ ಆಸೆ ಹುಟ್ಟಿತ್ತೆಂದರೆ, ಬಟ್ಟೆಯಿಂದ ಅದನ್ನು ಒರೆಸಿ ಒರೆಸಿ ಇಡುತ್ತಿದ್ದರು. "ಮನುಷ್ಯರಿಗೆ ಕಾಯೋಕೆ ಬರಲ್ಲಮ್ಮ. ಇದು ಕಾಯುತ್ತೆ. ಬೆಳಗಿಂದ ಸಂಜೆವರೆಗೂ ಬೇಜಾರಿಲ್ದೆ ಕಾಯುತ್ತೆ" ಎನ್ನುತ್ತಿದ್ದರು.

ಯಂತ್ರವನ್ನು ಕೊಟ್ಟದ್ದು ಒಂದು ವರ್ಷದ ಮಟ್ಟಿಗೆ. ವರ್ಷದ ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಅಧಿಕಾರಿಗಳ ಮುಂದೆ ಮಕ್ಕಳು ಅದನ್ನು ಬಳಸಿ ತೋರಿಸಬೇಕು. ಅವರು ಒಪ್ಪಿದರೆ ಅದು ಇಲ್ಲಿಯೇ ಉಳಿಯುತ್ತದೆ, ಬೇರೆ ತಾಲ್ಲೂಕುಗಳಿಗೂ ಬರುತ್ತದೆ. ಒಪ್ಪದಿದ್ದರೆ ಬೆಂಗಳೂರಿಗೆ ವಾಪಸ್ಸು. ಮಂಜುಳಳ ಬಾಯಿ ಉಳಿಯುವುದೋ ಹೋಗುವುದೋ ಎನ್ನುವುದು ಆ ಒಂದು ದಿನದ ಮೇಲೆ ನಿಂತಿತ್ತು.

ಯಂತ್ರದಲ್ಲಿದ್ದ ದನಿ ಬೆಂಗಳೂರಿನ ಯಾವುದೋ ಹೆಂಗಸಿನದು. "ನನಗೆ ನೀರು ಬೇಕಾಗಿದೆ" ಎನ್ನುತ್ತಿತ್ತು. ಮಂಜುಳ ಅದನ್ನು ಕೇಳಿ ಬೆಚ್ಚಿ ಮುಖ ತಿರುಗಿಸುವಳು. "ಯಾರಮ್ಮ ಇವ್ಳು, ರೇಡಿಯೋದೋಳು?" ಎಂದರು ನಮ್ಮತ್ತೆ. ಮೇಷ್ಟ್ರು ನನ್ನ ಕಡೆ ತಿರುಗಿ, "ನೀವು ಹೇಳಿ. ಮಗಳ ದನಿ ತಾಯಿ ದನಿ ಹಂಗಿದ್ರೆ ಸಾಕು" ಎಂದರು.

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ನಾಲ್ಕು ಜನರ ಮುಂದೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಡೈರಿಯಲ್ಲಿ ಹಾಲು ಹಾಕುವಾಗಲೂ ಕ್ಯಾನು ಮುಂದೆ ಇಟ್ಟು ಸುಮ್ಮನೆ ನಿಲ್ಲುವವಳು.

"ಏಮಮ್ಮಾ, ಅಲೀಪುರದಿಂದ ಒಬ್ರು ಅಜ್ಜಿ ಬಂದು, ಇಲ್ಲೇ ಪರದೆ ಹಿಂದೆ ಕೂತ್ಕೊಂಡು ಮೊಮ್ಮಗಳಿಗೋಸ್ಕರ ಉರ್ದೂನಲ್ಲಿ ಹೇಳಿ ಕೊಟ್ರು. ನಿಮಗೇನು ಕಷ್ಟ? ನಾವೆಲ್ಲ ಆಚೆ ಹೋಗ್ತೀವಿ. ಅಕ್ಕಿ ಮೂಟೆಗೆ ಹೇಳಿ."

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ನಾನು ಅಕ್ಕಿ ಮೂಟೆಯ ಕಡೆ ತಿರುಗಿ "ನೀರು ಕೊಡು" ಎಂದೆ. "ಹಸಿವು", "ಅಣ್ಣ ಎಲ್ಲಿ", "ಅಮ್ಮ", ಹೀಗೆ ಅವರು ಹೇಳಿದ್ದೆಲ್ಲವನ್ನೂ ಹೇಳಿದೆ. ಕೊನೆಗೆ ಕಿಟಕಿಯ ಆಚೆಯಿಂದ, "'ಬೇಡ' ಅನ್ನಿ. ಗಟ್ಟಿಯಾಗಿ" ಎಂದರು. ನನಗೆ ಅದೊಂದೇ ಬರಲಿಲ್ಲ. ಮದುವೆಯಾಗಿ ಬಂದ ಮೇಲೆ ಯಾರಿಗೂ ಗಟ್ಟಿಯಾಗಿ ಬೇಡ ಎಂದಿರಲಿಲ್ಲ. ಹಲವು ಸಲ ಹೇಳಿಸಿದರು. ಕೊನೆಗೆ ಅವರ ಮೇಲಿನ ಸಿಟ್ಟಿನಲ್ಲೇ "ಬೇಡ!" ಎಂದುಬಿಟ್ಟೆ. "ಆಂ, ಅದು!" ಎಂದರು ಆಚೆಯಿಂದ.

ಯಾವ ಪಾಠ ಬಂದರೂ ಬದಲಾಗದ ಒಂದು ಗುಂಡಿ ಇರಬೇಕೆಂದು ಹಟ ಹಿಡಿದು, ಹಲಗೆಯ ಮೂಲೆಯಲ್ಲಿ ಕೆಂಪು ಗುಂಡಿ ಹಾಕಿಸಿ ಅದಕ್ಕೆ ಆ ಮಾತು ತುಂಬಿಸಿದರು. ಆ ಜಾಗಕ್ಕೆ "ಅಮ್ಮ" ಇರಲಿ ಎಂದು ಕಾಲೇಜಿನ ಹುಡುಗರು ಹೇಳಿದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. "ಅಮ್ಮ ಅನ್ನೋದನ್ನ ಆ ಮಗು ಕಣ್ಣಲ್ಲೇ ಹೇಳುತ್ತೆ. ಬೇಡ ಅಂದ್ರೆ ಯಾರು ಕೇಳಿದಾರೆ ಅದ್ರ ಮಾತು?" ಎಂದರು ಮೇಷ್ಟ್ರು. ಅವತ್ತು ನನಗೆ ಬೇಸರವೇ ಆಯಿತು.

ಕರೆಂಟು ಇದ್ದ ಹೊತ್ತಿನಲ್ಲಿ ಮಂಜುಳ ಕಲಿತಳು. "ನೀರು ಕೊಡು" ಎಂದು ತಾನೇ ಒತ್ತಿ ನನ್ನ ಮುಖ ನೋಡಿದ ದಿನ ನಾನು ಲೋಟ ಎತ್ತಿಕೊಳ್ಳುವುದನ್ನೂ ಮರೆತು ನಿಂತಿದ್ದೆ. "ನೀರು ಕೊಡಿ ತಾಯಿ! ಕೇಳಿದ್ ಮೇಲೂ ಕೊಡ್ದಿದ್ರೆ ಮಾತಾಡಿ ಏನು ಪ್ರಯೋಜನ?" ಎಂದು ಬೈಸಿಕೊಂಡೆ. ಆದರೆ ಕೆಂಪು ಗುಂಡಿಯನ್ನು ಅವಳು ಮುಟ್ಟಲಿಲ್ಲ. ಮೇಷ್ಟ್ರು ಹಾಗಲಕಾಯಿ ಪಲ್ಯ ತಂದು ಬಾಯಿಗಿಟ್ಟರು, ಅವಳಿಗೆ ಹೆದರಿಕೆಯಾಗುವ ಪೀಪಿ ಊದಿದರು. ಮುಖ ಹಿಂಡಿದಳು, ಅತ್ತಳು. ಗುಂಡಿ ಮಾತ್ರ ಒತ್ತಲಿಲ್ಲ. ಸಹಿಸಿಕೊಳ್ಳುವುದನ್ನು ಅವಳು ನನ್ನಿಂದ ಕಲಿತಿರಬೇಕು.

ಆದರೆ ಕೆಲಸ ಕೆಟ್ಟದ್ದು ಬೇರೆ ಕಡೆಯಿಂದ. ಮೇಷ್ಟ್ರು ಬೇರೆ ತಾಲ್ಲೂಕಿಗೆ ಹೋದ ದಿನಗಳಲ್ಲಿ ಕೋಣೆಯಲ್ಲಿ ಆಯಮ್ಮ ಇರುತ್ತಿದ್ದಳು. ಒಳ್ಳೆಯ ಹೆಂಗಸು. ಮಗುವಿನ ಕೈ ನಡುಗುವುದನ್ನು ನೋಡಲಾರದೆ ಹಿಡಿದು ಒತ್ತಿಸುವಳು. ನಮ್ಮತ್ತೆ ಬಂದರೆ ಅವರೂ ಒತ್ತಿಸುವರು. ಬೇರೆ ತಾಯಂದಿರೂ ಅಷ್ಟೇ. ಸರಿಯಾದ ಗುಂಡಿ ಒತ್ತಿದರೆ ಯಂತ್ರ "ಶಭಾಷ್!" ಎನ್ನುತ್ತಿತ್ತು. ಎಲ್ಲರಿಗೂ ಆ ಶಭಾಷ್ ಮೇಲೆ ಆಸೆ. ಬೇಡವೆಂದು ನಾನು ಎರಡು ಮಾತು ಹೇಳಿ ನೋಡಿದೆ. "ಸುಮ್ನಿರಮ್ಮ, ಮಗೂಗೆ ಖುಷಿಯಾಗುತ್ತೆ" ಎಂದರು.

ಯಂತ್ರಕ್ಕೆ ಯಾರ ಕೈ ಎಂದು ಗೊತ್ತಾಗುತ್ತಿರಲಿಲ್ಲ. ಅದು ಮಂಜುಳಳೇ ಒತ್ತಿದಳೆಂದು ತಿಳಿದು ಅವಳನ್ನು ಮೇಲಿನ ಪಾಠಕ್ಕೆ ಏರಿಸಿತು, ಮತ್ತೆ ಏರಿಸಿತು. ಇನ್ನೂ ನೀರು, ಹಸಿವು ಎನ್ನುವ ಮಗುವಿಗೆ ಅದು ವಾಹನಗಳ ವಿಧ, ತಿಂಗಳುಗಳ ಕ್ರಮ ಎಂದು ಕೇಳತೊಡಗಿತು. ಮಂಜುಳ ಪರದೆಯನ್ನೇ ನೋಡುವಳು, ಮೆಲ್ಲಗೆ ತಲೆ ಬಗ್ಗಿಸುವಳು.

ಮೇಷ್ಟ್ರಿಗೆ ಗೊತ್ತಾದ ದಿನ ಕೋಣೆ ಹಾರಿಹೋಗುವಂತೆ ಕೂಗಾಡಿದರು. ಕನ್ನಡಕದ ಹುಡುಗನಿಗೆ ಫೋನು ಮಾಡಿ, "ಬುದ್ಧಿ ಇದೆ ಅಂದ್ರಲ್ಲಪ್ಪ, ಕೈ ಯಾರ್ದು ಅಂತ ಗೊತ್ತಾಗಲ್ವಾ ನಿಮ್ಮ ಬುದ್ಧಿಗೆ? ಮೊದಲ್ನೇ ಪಾಠಕ್ಕೆ ವಾಪಸ್ ಇಳಿಸಿ" ಎಂದರು. ಅವನು ಬಂದು ನೋಡಿ, "ಸರ್, ಗ್ರಾಫ್ ಚೆನ್ನಾಗಿ ಮೇಲಕ್ಕೆ ಹೋಗ್ತಿದೆ. ಅದನ್ನೇ ಅಧಿಕಾರಿಗಳಿಗೆ ತೋರಿಸ್ಬೇಕು. ಈಗ ಇಳಿಸಿದ್ರೆ ಎಲ್ಲಾ ಅಳಿಸಿಹೋಗುತ್ತೆ. ಅದು ಮುಗೀಲಿ ಸರ್, ಆಮೇಲೆ ನೋಡೋಣ" ಎಂದ. ಮೇಷ್ಟ್ರು ತೆಲುಗಿನಲ್ಲಿ ಏನೋ ಅಂದರು. ಅದನ್ನು ಬರೆಯುವುದಿಲ್ಲ.

ಆಮೇಲೆ ನಮ್ಮತ್ತೆಯ ಕಡೆ ತಿರುಗಿದರು. "ಅಜ್ಜಿ, ನೀವು ಹುಳ ಸಾಕೋರು. ಹಣ್ಣಾದ ಹುಳಾನ ಚಂದ್ರಿಕೆಗೆ ಬಿಡ್ತೀರಿ. ಅದರ ಬಾಯಿ ಹಿಡ್ದು ನೂಲು ಎಳ್ದು ಗೂಡು ಕಟ್ಟಿಸ್ತೀರಾ?"

ನಮ್ಮತ್ತೆ ಅವರನ್ನೇ ನೋಡಿದರು. "ಕಟ್ದೇ ಇರೋ ಹುಳಾನ ತಿಪ್ಪೆಗೆ ಬಿಸಾಕ್ತೀವಿ ಮೇಷ್ಟ್ರೇ. ಇವ್ಳನ್ನ ಬಿಸಾಕಕ್ಕಾಗುತ್ತಾ?"

ಮೇಷ್ಟ್ರು ಕಡಲೆಕಾಯಿಗೆಂದು ಜೇಬಿಗೆ ಕೈ ಹಾಕಿದರು. ಅದು ಖಾಲಿಯಾಗಿತ್ತು.

ತೋರಿಸುವ ದಿನ ಬಂತು. ಚಿಕ್ಕಬಳ್ಳಾಪುರದ ಒಂದು ಶಾಲೆಯ ಹಾಲ್. ಕಿಟಕಿಯಲ್ಲಿ ಸ್ಕಂದಗಿರಿಯ ಬೆನ್ನು ಕಾಣುತ್ತಿತ್ತು. ಯಂತ್ರ ತಮ್ಮ ಊರಿಗೂ ಬರಲಿ ಎಂಬ ಆಸೆಯಿಂದ ಎಲ್ಲ ತಾಲ್ಲೂಕುಗಳಿಂದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಸ್ವಾಗತ, ಹಾರ, ಭಾಷಣ ಎಂದು ಮುಕ್ಕಾಲು ಹೊತ್ತು ಹೋಯಿತು. ಉಳಿದ ಹೊತ್ತಿನಲ್ಲಿ ಒಂದೇ ಮಗುವಿಗೆ ಅವಕಾಶ, ಗ್ರಾಫು ಎಲ್ಲರಿಗಿಂತ ಮೇಲೆ ಹೋಗಿರುವ ಮಗು ತೋರಿಸಲಿ ಎಂದರು. ಅಂದರೆ ಮಂಜುಳ.

ಪರದೆಯ ಮೇಲೆ ಬಸ್ಸು, ರೈಲು, ವಿಮಾನ, ಹಡಗು ಬಂದವು. ಇವುಗಳಲ್ಲಿ ನೀರಿನ ಮೇಲೆ ಚಲಿಸುವುದು ಯಾವುದು ಎಂದು ಯಂತ್ರ ಕೇಳಿತು. ಅವಳು ಕಂಡಿದ್ದು ಬಸ್ಸೊಂದೇ. ಎಡಗೈ ಎದ್ದಿತು. ಗಾಳಿಯಲ್ಲಿ ನಿಂತಿತು. ಹಾಲ್ ತುಂಬ ಜನ. ಯಾರೋ ಕೆಮ್ಮಿದರು, ಕುರ್ಚಿ ಎಳೆದ ಸದ್ದಾಯಿತು. ದೊಡ್ಡ ಅಧಿಕಾರಿ ಎದ್ದು ಬಂದರು. ಸಜ್ಜನರು, ಮುಖದಲ್ಲಿ ನಗುವಿತ್ತು. "ಹೆದರ್ಬೇಡ ಪುಟ್ಟ, ಹೀಗೆ" ಎನ್ನುತ್ತ ಅವಳ ಕೈ ಹಿಡಿದು ಹಡಗಿನ ಗುಂಡಿಯ ಮೇಲೆ ಒತ್ತಿದರು.

"ಶಭಾಷ್!" ಎಂದಿತು ಯಂತ್ರ. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಫೋಟೋ ತೆಗೆದರು. "ವೆರಿ ಗುಡ್. ಎಲ್ಲಾ ತಾಲ್ಲೂಕಿಗೂ ಕೊಡಿಸೋಣ" ಎಂದರು ಅಧಿಕಾರಿ. ನನ್ನ ಪಕ್ಕದಲ್ಲಿದ್ದ ಗೌರಿಬಿದನೂರಿನ ತಾಯಿ ನನ್ನ ತೋಳು ಹಿಡಿದು ಅಳತೊಡಗಿದಳು. ಆಯಿತು, ಉಳಿಯಿತು ಎಂದುಕೊಂಡೆ.

"ಸಾರ್, ಕೈ ತೆಗೀರಿ."

ಮೇಷ್ಟ್ರು ಗೋಡೆಯ ಬಳಿ ನಿಂತಿದ್ದರು. ಅವರ ದನಿ ಎಂದಿನಂತೆ ಜೋರಾಗಿರಲಿಲ್ಲ. ಅಧಿಕಾರಿಗೆ ಅರ್ಥವಾಗಲಿಲ್ಲ. ಅವರ ಕೈ ಇನ್ನೂ ಮಂಜುಳಳ ಕೈಮೇಲೇ ಇತ್ತು.

"ಒತ್ತಿದ್ದು ನೀವು ಸಾರ್. ಹಡಗು ನಿಮಗೆ ಗೊತ್ತು ಅಂತ ಅದು ಶಭಾಷ್ ಅಂತು. ಮಗೂಗಲ್ಲ."

ನಕ್ಕವರು ಒಬ್ಬಿಬ್ಬರು. ಆಮೇಲೆ ಅವರೂ ನಿಲ್ಲಿಸಿದರು. ಅಧಿಕಾರಿ ಕೈ ತೆಗೆದರು. "ಹಾಗಾದ್ರೆ ಈ ಮಗೂಗೆ ಏನೂ ಬರಲ್ಲ ಅಂತ ನೀವೇ ಹೇಳ್ತಿದೀರಾ ಮೇಷ್ಟ್ರೇ?"

"ಬರುತ್ತೆ ಸಾರ್. ಕಾಯ್ಬೇಕು."

"ಎಷ್ಟು ಹೊತ್ತು?"

"ಅವಳಿಗೆ ಬೇಕಾದಷ್ಟು ಹೊತ್ತು."

ಅಧಿಕಾರಿ ಗಡಿಯಾರ ನೋಡಿಕೊಂಡರು. ಅವರು ನಿಂತು ಕಾದರು, ಇಲ್ಲವೆನ್ನಲಾರೆ. ಆದರೆ ಅವರು ಕಾದದ್ದು ಅವರಿಗೆ ಬೇಕಾದಷ್ಟು ಹೊತ್ತು. ಆಮೇಲೆ ಬೇರೆ ಸಭೆ ಇದೆ ಎಂದರು. ಹಿಂದೆಯೇ ಎಲ್ಲರೂ ಎದ್ದರು. ಟೀ ಕುಡಿಯಲು ಹೊರಗೆ ಹೋದರು. ಕಾಲೇಜಿನ ಹುಡುಗರು ಯಾರ ಮುಖವನ್ನೂ ನೋಡದೆ ವೈರು ಸುತ್ತತೊಡಗಿದರು.

ಮೇಷ್ಟ್ರು ಬಂದು ಮಂಜುಳಳ ಪಕ್ಕದ ಬೆಂಚಿನ ಮೇಲೆ ಕುಳಿತರು. ಇಸ್ತ್ರಿ ಮಾಡಿದ ಷರಟು ಹಾಕಿದ್ದರು, ಜೇಬಿನಲ್ಲಿ ಕಡಲೆಕಾಯಿ ಇರಲಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕುಳಿತುಬಿಟ್ಟರು. "ಅದೊಂದು ವೈರು ಇರ್ಲಿ, ಬಿಚ್ಬೇಡಿ" ಎಂದಷ್ಟೇ ಹುಡುಗರಿಗೆ ಹೇಳಿದರು. ನನಗೆ ಅವರನ್ನು ನೋಡಲೂ ಮನಸ್ಸಿರಲಿಲ್ಲ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಈ ಮನುಷ್ಯನಿಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲವೇ ಎಂದು ಕುದಿಯುತ್ತಿದ್ದೆ.

ಆಗ ಮಂಜುಳಳ ಕೈ ಎದ್ದಿತು. ಹಡಗು ದಾಟಿತು, ಬಸ್ಸು ದಾಟಿತು, ಜಾರಿ ಕೆಳಗೆ ಬಿತ್ತು, ಮತ್ತೆ ಎದ್ದಿತು. ಹಲಗೆಯ ಮೂಲೆಗೆ ಹೋಗಿ ಕೆಂಪು ಗುಂಡಿಯ ಮೇಲೆ ಬಿತ್ತು.

"ಬೇಡ!"

ನನ್ನ ದನಿ. ಆ ದೊಡ್ಡ ಹಾಲಿನಲ್ಲಿ, ಖಾಲಿ ಕುರ್ಚಿಗಳ ನಡುವೆ, ನನ್ನ ಸಿಟ್ಟಿನ ದನಿ. ಅಧಿಕಾರಿ ಹಿಡಿದಿದ್ದ ಜಾಗವನ್ನೇ ಅವಳು ನೋಡುತ್ತಿದ್ದಳು. ಹಿಡಿದದ್ದು ಬೇಡವೆಂದು ಹೇಳಿ ಮುಗಿಸಲು ಅವಳಿಗೆ ಅಷ್ಟು ಹೊತ್ತು ಹಿಡಿದಿತ್ತು.

ಮೇಷ್ಟ್ರು ಚಪ್ಪಲಿ ಸಿಕ್ಕಿಸಿಕೊಳ್ಳದೆ ಹೊರಗೋಡಿದರು. ನಾನು ಬಾಗಿಲಿಗೆ ಬಂದು ನೋಡಿದಾಗ ಜೀಪು ಗೇಟು ದಾಟುತ್ತಿತ್ತು. ಧೂಳಿನಲ್ಲಿ ನಿಂತು, "ಸಾರ್, ಹೇಳಿದ್ಲು! ಸಾರ್, ಈಗ ಹೇಳಿದ್ಲು!" ಎಂದು ಕೂಗುತ್ತಿದ್ದರು. ಟೀ ಲೋಟ ಹಿಡಿದಿದ್ದವರೆಲ್ಲ ಅವರನ್ನು ಹುಚ್ಚನನ್ನು ನೋಡುವಂತೆ ನೋಡಿದರು.

ಯಂತ್ರ ಬೆಂಗಳೂರಿಗೆ ಹೋಯಿತು. ಅದರ ಜೊತೆ ಮಂಜುಳಳ ಮಾತೂ ನನ್ನ ದನಿಯೂ ಹೋದವು. ಗೌರಿಬಿದನೂರಿನ ಆ ತಾಯಿ ವ್ಯಾನು ಹತ್ತುವ ಮೊದಲು ಮೇಷ್ಟ್ರ ಎದುರು ನಿಂತು, "ನಿಮ್ಮ ಸತ್ಯ ಇಟ್ಕೊಂಡು ನನ್ ಮಗ ಏನ್ ಮಾಡ್ಲಿ ಸಾರ್?" ಎಂದಳು. ಅವರು ತಲೆ ತಗ್ಗಿಸಿ ನಿಂತರು. ಹಾಲಿನಲ್ಲಿ ಅವರು ಸುಮ್ಮನಿದ್ದಿದ್ದರೆ ಯಂತ್ರ ಉಳಿಯುತ್ತಿತ್ತು. ಉಳಿದಿದ್ದರೆ ಎಲ್ಲರೂ ಎಲ್ಲ ಮಕ್ಕಳ ಕೈ ಹಿಡಿದು ಶಭಾಷ್ ಅನ್ನಿಸುತ್ತಲೇ ಇರುತ್ತಿದ್ದರು. ಎರಡೂ ನಿಜ. ಎರಡನ್ನೂ ನೆನೆದರೆ ನನಗೆ ಸಿಟ್ಟೇ ಬರುತ್ತದೆ.

ಮುಂದಿನ ವಾರ ಮೊಪೆಡ್ಡು ಹುಣಸೆಮರದ ಬಳಿ ಕೆಮ್ಮಿತು. ನಾನು ಹೊರಗೆ ಬರಲಿಲ್ಲ. "ಬೈಯೋ ಹಂಗಿದ್ರೆ ಬೈದುಬಿಡಿ ತಾಯಿ, ಒಳಗೆ ಇಟ್ಕೋಬೇಡಿ" ಎಂದು ಮೇಷ್ಟ್ರು ಜಗುಲಿಯಿಂದಲೇ ಹೇಳಿದರು. ಬೈಯಲು ನನಗೆ ಬಾಯಿ ಬರಲಿಲ್ಲ. ಅವರು ಸಂಕ್ರಾಂತಿಗೆ ಹಸುವಿನ ಕೊಂಬಿಗೆ ಬಳಿದು ಉಳಿದ ಕೆಂಪು ಬಣ್ಣವನ್ನು ನಮ್ಮತ್ತೆಯಿಂದ ಕೇಳಿ ಪಡೆದು, ಮಂಜುಳಳಿಗೆ ಶಾಲೆಯಿಂದ ಬಂದಿದ್ದ ಗಾಲಿಕುರ್ಚಿಯ ಎಡಗೈ ಹಿಡಿಯ ತುದಿಗೆ ಅಂಗೈಯಗಲ ಬಳಿದರು. "ಇದಕ್ಕೆ ಕರೆಂಟೂ ಬೇಡ, ಗ್ರಾಫೂ ಬೇಡ" ಎಂದರು. ಆಮೇಲೆ ಕಡಲೆಕಾಯಿ ಸುಲಿಯುತ್ತ ಕುಳಿತರು. ನಿವೃತ್ತಿಯಾಗುವವರೆಗೂ ಹಾಗೆಯೇ ಬರುತ್ತಿದ್ದರು. ಮಂಜುಳಳಿಗೆ ಎಷ್ಟು ಸಲ ಕುರ್ಚಿ ಬದಲಾದರೂ ಆ ಜಾಗಕ್ಕೆ ನಿಮ್ಮಪ್ಪ ಕೆಂಪು ಬಳಿಯುವುದನ್ನು ನೀವು ನೋಡಿದ್ದೀರಿ, ಯಾಕೆಂದು ಕೇಳಿರಲಿಲ್ಲ. ಅವಳು ಅಲ್ಲಿ ಕೈ ಇಟ್ಟರೆ ಬೇಡ ಎಂದರ್ಥ. ನಮ್ಮತ್ತೆ ತಾವು ಹೋಗುವ ಹೊತ್ತಿಗೆ ಅದಕ್ಕೆ ಬೆಲೆ ಕೊಡುವುದನ್ನು ಕಲಿತಿದ್ದರು. ಎರಡನೆಯ ಸಲ ಅನ್ನ ಬಡಿಸುವ ಮೊದಲು ಆ ಕೈಯನ್ನು ನೋಡುವರು.

ಮೊನ್ನೆ ಚಿಂತಾಮಣಿಯ ಮನೆಯ ಅಂಗಳದಲ್ಲಿ ಮೇಷ್ಟ್ರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಸತ್ತ ಮೇಲೂ ಹುಬ್ಬು ಕೂಡಿಕೊಂಡೇ ಇತ್ತು. ಸಾಲಿನಲ್ಲಿ ಒಬ್ಬೊಬ್ಬರೇ ಹೋಗಿ ಪಾದಕ್ಕೆ ಹೂವು ಹಾಕುತ್ತಿದ್ದರು. ನಿಮ್ಮಪ್ಪ ಕುರ್ಚಿಯನ್ನು ಪಾದದ ಬಳಿ ತಳ್ಳಿದ. ನಾನು ಮಂಜುಳಳ ಎಡಗೈಯಲ್ಲಿ ಒಂದು ಸೇವಂತಿಗೆ ಇಟ್ಟೆ. ಅವಳ ಕೈ ನಡುಗತೊಡಗಿತು. ಅವರ ಮನೆಯ ಹೆಣ್ಣುಮಗಳೊಬ್ಬಳು, ಅತ್ತು ಕಣ್ಣು ಊದಿಸಿಕೊಂಡಿದ್ದವಳು, "ಅಯ್ಯೋ ಪಾಪ" ಎಂದು ಬಗ್ಗಿ ಆ ಮಣಿಕಟ್ಟು ಹಿಡಿದಳು.

ಮಂಜುಳ ಕೈಯನ್ನು ಹಿಂದಕ್ಕೆ ಎಳೆದು ಹೂವಿನ ಸಮೇತ ಕೆಂಪಿನ ಮೇಲೆ ಇಟ್ಟಳು. ಆ ಹೆಣ್ಣುಮಗಳಿಗೆ ಅದು ತಿಳಿಯಲಿಲ್ಲ. ಮತ್ತೆ ಹಿಡಿಯಲು ಬಂದಳು.

"ಕೈ ತೆಗೀರಿ" ಎಂದೆ.

ಅಂಗಳಕ್ಕೆಲ್ಲ ಕೇಳಿಸಿತು. ನಿಮ್ಮಪ್ಪ ತಿರುಗಿ ನನ್ನ ಮುಖ ನೋಡಿದ.

ಆಮೇಲೆ ಕಾದೆವು. ಎಲ್ಲರೂ ಮೌನವಾಗಿ ಕೈಮುಗಿದು ನಿಂತರು ಎಂದು ಬರೆದರೆ ಸುಳ್ಳಾಗುತ್ತದೆ. ಹಿಂದಿನವರು ಗೊಣಗಿದರು. "ಹೊತ್ತಾಗುತ್ತಮ್ಮ, ಇನ್ನೂ ಜನ ಇದಾರೆ" ಎಂದರು ಒಬ್ಬರು. ಗೇಟಿನ ಹೊರಗೆ ವ್ಯಾನಿನವನು ಹಾರನ್ ಒತ್ತಿದ. ನಾನು ನನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದೆ. ಅವಳ ಕೈ ಕೆಂಪನ್ನು ಬಿಟ್ಟು ಎದ್ದಿತು. ಮುಂದೆ ಹೋಯಿತು. ಬೆರಳು ಬಿಚ್ಚಿತು. ಸೇವಂತಿಗೆ ಅವರ ಪಾದಕ್ಕೆ ಬೀಳಲಿಲ್ಲ. ಚಾಪೆಯ ಅಂಚಿನಲ್ಲಿ, ನೆಲಕ್ಕೆ ತಾಗಿಕೊಂಡು ಬಿತ್ತು.

ಹಿಂದೆ ನಿಂತಿದ್ದ ಒಬ್ಬ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಬಗ್ಗಿ, ಅದನ್ನು ಎತ್ತಿ ಸರಿಯಾಗಿ ಪಾದದ ಮೇಲೆ ಇಡಲು ಕೈ ಚಾಚಿದರು.

"ಬೇಡ" ಎಂದೆ. "ಅವ್ಳು ಹಾಕಿದ್ದು ಅಲ್ಲೇ. ಅಲ್ಲೇ ಇರ್ಲಿ."